ಒಂದು ರಿಂಗ್ ಅಂದ್ರ ನೀರು ಹಂಗ ಐತಿ

ಜುಲೈ ೧೪, ಸೋಮವಾರ

ಇವತ್ತೂ ಮಧ್ಯಾಹ್ನ ಎರಡೂವರೆಗೇ ಡೇಟಾ ಖಾಲಿ. ದಿನಕ್ಕೆ ಒಂದು ಜಿಬಿ. ಅದರಲ್ಲಿ ಒಂದು ರೀಲ್ ನೋಡಿಲ್ಲ, ಒಂದು ಹಾಡು ಕೇಳಿಲ್ಲ. ಎಲ್ಲ ಒಂದೇ ಫೈಲಿಗೆ ಹೋಯಿತು, ಸರ್ಕಾರದ ಸೈಟಿನ ನೀರಿನ ವರದಿಗೆ. ಮೇಲಿನ ಡ್ಯಾಮುಗಳಿಂದ ಎಷ್ಟು ಬಿಟ್ಟರು, ಕೃಷ್ಣಾ ಎಲ್ಲಿ ಎಷ್ಟು ಏರಿತು ಅಂತ ದಿನಕ್ಕೆ ನಾಲ್ಕೈದು ಸಲ ಹಾಕುತ್ತಾರೆ. ನಕಾಶೆ ಸಮೇತ ಸ್ಕ್ಯಾನ್ ಮಾಡಿದ್ದು, ಹದಿನಾಲ್ಕು ಎಂಬಿ. ಫೈಲಿನ ಹೆಸರು ಯಾವತ್ತೂ ಅದೇ. ಹೊಸದು ಬಂದಿದೆಯೋ ಇಲ್ಲವೋ ಹೊರಗಿನಿಂದ ಗೊತ್ತಾಗುವುದಿಲ್ಲ. ಇಳಿಸಬೇಕು, ತೆರೆಯಬೇಕು, ಮೇಲಿನ ಮೂಲೆಯ ಟೈಮ್ ನೋಡಬೇಕು. ನೋಡಿದರೆ ಅದೇ ಹಳೆಯದು. ಹತ್ತು ನಿಮಿಷ ಕಂಟ್ರೋಲ್ ಮಾಡಿಕೊಂಡು ಮತ್ತೆ ಇಳಿಸುತ್ತೇನೆ. ಮತ್ತೆ ಅದೇ.

ಹಾಸ್ಟೆಲ್ ರೂಮ್‌ಮೇಟ್ ಪ್ರಾಜಕ್ತಾ, ಭೋಜ ಊರಿನವಳು, ಜಗತ್ತಿನಲ್ಲಿ ಯಾವುದಕ್ಕೂ ಟೆನ್ಶನ್ ತಗೊಳ್ಳದ ಜೀವ. "ಉಜ್ಜೂ, ಹೊಳಿ ಯಡೂರಾಗ ಐತಿ, ನಿನ್ನ ಫೋನಿನ್ಯಾಗ ಇಲ್ಲ. ಅದನ್ನ ಎಷ್ಟ ತಿಕ್ಕಿದ್ರೂ ನೀರ ಇಳಿಯೂದಿಲ್ಲ" ಅಂದಳು.

ಅವಳಿಗೇನು ಗೊತ್ತು. ಅವಳ ಮನೆ ಊರ ನಡುವೆ. ನಮ್ಮ ಕುರಿದೊಡ್ಡಿ ಯಡೂರಿನ ಹೊರಗೆ, ಹೊಳೆಯಿಂದ ಎರಡೇ ಹೊಲ ಈಚೆ. ಅರವತ್ತೆರಡು ಕುರಿ, ಹನ್ನೊಂದು ಮರಿ, ಅಪ್ಪ, ಅವ್ವ. ನೀರು ಏರಿದರೆ ಎಲ್ಲವನ್ನೂ ಮಡ್ಡಿಗೆ, ಊರಾಚೆಯ ಎತ್ತರದ ದಿಬ್ಬಕ್ಕೆ, ಹೊಡೆದುಕೊಂಡು ಹೋಗಬೇಕು. ಸುಮ್ಮಸುಮ್ಮನೆ ಹೋಗಲಿಕ್ಕೂ ಬರುವುದಿಲ್ಲ. ಮಡ್ಡಿಯ ಮೇಲೆ ಆಸರೆ ಇಲ್ಲ, ಮೇವಿಲ್ಲ, ಎಳೆ ಮರಿಗಳು ಮಳೆಗಾಳಿಗೆ ತಡೆಯುವುದಿಲ್ಲ.

ನನಗೆ ಗೊತ್ತು, ಯಾಕೆಂದರೆ ಹೋದ ವರ್ಷ ಪಿಯುಸಿ ಹಾಸ್ಟೆಲಿನಿಂದ ಫೋನ್ ಮಾಡಿ "ಯಪ್ಪಾ, ಡ್ಯಾಮ್ ಒಡದೈತಂತ, ಈಗಿಂದೀಗ ಹೊಂಡ್ರಿ" ಅಂದವಳು ನಾನೇ. ಯಾರೋ ಕಳಿಸಿದ ವಾಟ್ಸಾಪ್ ಆಡಿಯೋ. ಶುದ್ಧ ಸುಳ್ಳು. ಮೂರು ದಿನ ಮಡ್ಡಿಯ ಮೇಲೆ ನೆನೆದರು. ನಾಲ್ಕು ಮರಿ ಸತ್ತವು. ಅಪ್ಪ ನನಗೆ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಬೆಟರ್ ಇತ್ತು.

ಡೇಟಾ ಮುಗಿದ ಮೇಲೆ ಮನೆಗೆ ಫೋನ್ ಮಾಡಿದೆ. ಏಳು ಸಲ.

ಜುಲೈ ೧೬, ಬುಧವಾರ

ಅಪ್ಪ ಇವತ್ತು ಬೈದ. ಬೈದ ಅಂದರೆ ಅವನ ಮಟ್ಟಿಗೆ ಬೈಗುಳ.

"ತಂಗಿ, ಏನ ಆಗೇತಿ ಹೇಳು."

"ಏನಿಲ್ಲ ಯಪ್ಪಾ. ನೀರ ಹೆಂಗ ಐತಿ ಅಂತ."

"ಮುಂಜಾನೆ ಹೆಂಗಿತ್ತ ಹಂಗ ಐತಿ. ಒಂದ ತಾಸಿನ ಹಿಂದೂ ಹಂಗ ಇತ್ತು. ಮಳ್ಯಾಗ ಕಂಬಳಿ ಬಿಚ್ಚಿ, ಪ್ಲಾಸ್ಟಿಕ್ ಚೀಲ ಬಿಚ್ಚಿ ಈ ಫೋನ್ ತಗೀಬೇಕವಾ. ಹೋದ ವರ್ಷದ ಫೋನ್ ಹಿಂಗ ನೀರು ಕುಡದ ಸತ್ತದ್ದು ನೆನಪೈತಿಲ್ಲೋ?"

ನನಗೆ ಅಳುವೇ ಬಂತು. ಆಮೇಲೆ ಅವನೇ ಒಂದು ದಾರಿ ಹೇಳಿದ. ನಾನು ಫೋನ್ ಹಚ್ಚುವುದು. ಎಲ್ಲ ಇದ್ದ ಹಾಗೇ ಇದ್ದರೆ ಅವನು ಎತ್ತುವುದಿಲ್ಲ, ಚೀಲದ ಮೇಲಿಂದಲೇ ಕೆಂಪು ಗುಂಡಿ ಒತ್ತಿ ಕಟ್ ಮಾಡುತ್ತಾನೆ. ಹೇಳುವಂಥದ್ದು ಏನಾದರೂ ಇದ್ದರೆ ಮಾತ್ರ ಬಿಚ್ಚಿ ಎತ್ತುತ್ತಾನೆ. ಹಾಗೇ ನನ್ನ ಕಡೆಯ ಸುದ್ದಿಯೂ. "ನೀ ಆ ವರದಿ ನೋಡ್ತೀ ಅಲ್ಲ, ಮ್ಯಾಲಿನ ನೀರು ಹಂಗ ಇತ್ತಂದ್ರ ಒಂದ ರಿಂಗ್ ಕೊಟ್ಟ ಬಿಡು. ಏರೇತಿ ಅಂದ್ರ ನಿಲ್ಲದ ಬಾರಿಸು, ಎತ್ತತೇನಿ."

ಹಿಂದಿನಿಂದ ಅವ್ವ ಕೂಗಿದಳು, "ಊಟಾ ಮಾಡ್ಯಾಳೇನ ಕೇಳ್ರಿ. ಅದಕ್ಕ ಎಷ್ಟ ರಿಂಗ?"

ಜುಲೈ ೧೯, ಶನಿವಾರ

ಸಿಕ್ಕಿಬಿದ್ದೆ. ಡೇಟಾ ಮುಗಿದ ಮೇಲೆ ಮೂರು ದಿನದಿಂದ ಕಾಲೇಜಿನ ಕಂಪ್ಯೂಟರ್ ಲ್ಯಾಬಿನ ನೆಟ್‌ನಲ್ಲಿ ವರದಿ ಇಳಿಸುತ್ತಿದ್ದೆ. ಮೂಲೆಯ ಕಂಪ್ಯೂಟರ್, ಯಾರೂ ನೋಡುವುದಿಲ್ಲ ಅಂದುಕೊಂಡಿದ್ದೆ. ಲ್ಯಾಬ್ ನೋಡಿಕೊಳ್ಳುವ ಕಾಕಾಸಾಹೇಬ ಸರ್ ಕಾಗವಾಡದ ಕಡೆಯವರು, ಅರ್ಧ ಕನ್ನಡ ಅರ್ಧ ಮರಾಠಿ. ಇವತ್ತು ಎಲ್ಲರ ಮುಂದೆ ಒಂದು ಕಾಗದ ಹಿಡಿದು ನಿಂತರು.

"ಯಾರಿದು? ಒಂದ ಫೈಲ್ ನಲವತ್ತೊಂದ ಸಲ ಇಳಿಸ್ಯಾರ. ಅಷ್ಟು ಏನ ರುಚಿ ಐತ್ರೆಪಾ ಅದರಾಗ?"

ಎಲ್ಲರೂ ನಕ್ಕರು. ಆರನೇ ಕ್ಲಾಸಿನಿಂದ ಹಾಸ್ಟೆಲಿನಲ್ಲಿ ಬೆಳೆದವಳಿಗೆ ಒಂದು ವಿದ್ಯೆ ಚೆನ್ನಾಗಿ ಬರುತ್ತದೆ, ತಲೆ ತಗ್ಗಿಸಿ ಬೆಂಚಿನಷ್ಟೇ ಆಗಿಬಿಡುವುದು. ಹಾಗೇ ಕೂತೆ. ಬೆಲ್ ಆದ ಮೇಲೆ ಸರ್ ಉಜ್ವಲಾ ಅಂತ ನನ್ನ ಹೆಸರನ್ನೇ ಕರೆದರು. ಕಂಪ್ಯೂಟರಿಗೆ ಅವರವರ ನಂಬರಿನಿಂದ ಲಾಗಿನ್ ಆಗುತ್ತೇವೆ, ಅದೇ ನೆನಪಿರಲಿಲ್ಲ ನನಗೆ.

"ಸಾರಿ ಸರ್, ಐ ವಿಲ್ ನಾಟ್ ರಿಪೀಟ್ ಸರ್."

"ಇಂಗ್ಲಿಷ್ ಬಿಡು. ಕಾಯ್ ಗ ಪೋರಿ, ಯಾಕ ಬೇಕ ಇದು ನಿನಗ?"

ಹೇಳಿದೆ. ಹೊಳೆ, ಕುರಿ, ಮರಿ, ಎಲ್ಲ. ಹೋದ ವರ್ಷದ್ದು ಮಾತ್ರ ಹೇಳಲಿಲ್ಲ. ಸರ್ ಕಾಗದ ಮಡಚಿ ಕಿಸೆಗೆ ಹಾಕಿಕೊಂಡರು.

"ನೀ ಕೇಳೂದು ತಪ್ಪಲ್ಲ. ಕೇಳೂ ರೀತಿ ತಪ್ಪು. ಸೋಮವಾರ ಬಾ."

ಎರಡು ದಿನ ಹೇಗೆ ಕಳೆಯಲಿ? ಫೈನ್ ಹಾಕುತ್ತಾರೋ ಏನೋ.

ಜುಲೈ ೨೧, ಸೋಮವಾರ

ಫೈನ್ ಇಲ್ಲ! ಬರೆದಿಡುತ್ತೇನೆ, ಮರೆಯಬಾರದು.

ಸರ್ ನನ್ನ ಫೋನಿಗೇ ಒಂದು ಟರ್ಮಿನಲ್ ಆಪ್ ಹಾಕಿಕೊಟ್ಟರು. ಕರಿ ಪರದೆ, ಅದರ ಮೇಲೆ ಕಮಾಂಡ್ ಟೈಪ್ ಮಾಡಬೇಕು. ಫೈಲ್ ತರಿಸುವ ಕಮಾಂಡಿಗೆ ಕರ್ಲ್ ಅಂತ ಹೆಸರು. ಬ್ರೌಸರಿಗಿಂತ ಇದರಲ್ಲಿ ನಮ್ಮ ಮಾತು ಹೆಚ್ಚು ನಡೆಯುತ್ತದೆ ಅಂದರು.

"ಸರ್ವರ್ ಪ್ರತಿ ಫೈಲಿನ ಜೊತಿಗೆ ಒಂದ ಗುರುತು ಕಳಸ್ತೈತಿ. ಅದಕ್ಕ ಇಟ್ಯಾಗ್ ಅಂತಾರ. ಫೈಲ್ ಬದಲಾತಂದ್ರ ಗುರುತೂ ಬದಲಾಗತೈತಿ. ನೀ ಏನ ಮಾಡಬೇಕು, ಆ ಗುರುತು ಇಟಗೋಬೇಕು. ಮುಂದಿನ ಸಲ ಫೈಲ್ ಕೇಳೂವಾಗ ಗುರುತು ತೋರ್ಸಬೇಕು. 'ನನ್ನ ಹತ್ರ ಇಂಥಾದ್ದು ಐತ್ರೀ, ಇದಕ್ಕಿಂತ ಹೊಸಾದ್ದಿದ್ರ ಕೊಡ್ರಿ.' ಅದೇ ಇತ್ತಂದ್ರ ಸರ್ವರ್ ಫೈಲ್ ಕಳಸೂದ ಇಲ್ಲ. ಮುನ್ನೂರಾ ನಾಲ್ಕು ಅಂತ ಒಂದ ನಂಬರ್ ಹೇಳಿ ಸುಮ್ನಾಗತೈತಿ. ಬದಲಾಗಿಲ್ಲ, ನಿನ್ನ ಹತ್ರ ಇದ್ದದ್ದ ನೋಡಕೋ, ಅಂತ ಅರ್ಥ."

ನನ್ನ ಬಾಯಿಂದ ತಾನಾಗಿ ಬಂತು, "ಸರ್, ನಮ್ಮ ಕುರಿಗೂ ಕಿವಿ ಗುರುತು ಇರತೈತ್ರಿ. ಬ್ಯಾರೇ ಹಿಂಡಿನ್ಯಾಗ ಹೊಕ್ರೂ ಪೂರ್ತಿ ಕುರಿ ನೋಡೂದಿಲ್ರಿ ನಮ್ಮಪ್ಪ, ಕಿವಿ ಅಷ್ಟ ನೋಡ್ತಾನ."

ಸರ್ ಮೇಜು ಬಡಿದರು. "ಹಾ! ಮತ್ತ ಇಷ್ಟ ದಿನ ಪೂರ್ತಿ ಕುರಿ ಹೊತ್ತ ಹೊತ್ತ ತಂದು ಕಿವಿ ನೋಡಾಕತ್ತಿದ್ದೆಲ್ಲ, ದಿನಕ್ಕ ಎಪ್ಪತ್ತ ಸಲ!"

ಲ್ಯಾಬಿನಲ್ಲಿ ನಾನು ಬಾಯಿಬಿಟ್ಟದ್ದು ಇದೇ ಮೊದಲು.

ಕಮಾಂಡಿನಲ್ಲಿ ಎರಡು ಸ್ವಿಚ್. ಗುರುತು ತೋರಿಸಲು --etag-compare, ಬಂದ ಗುರುತನ್ನು ಇಟ್ಟುಕೊಳ್ಳಲು --etag-save. ಎರಡಕ್ಕೂ ಒಂದೇ ಫೈಲ್ ಹೆಸರು ಕೊಟ್ಟರೆ ಆಯಿತು. gurutu.txt ಅಂತ ಇಟ್ಟೆ.

ಜುಲೈ ೨೨, ಮಂಗಳವಾರ

೩೦೪. ೩೦೪. ೩೦೪. ನಡುವೆ ಒಮ್ಮೆ ಹೊಸದು. ಮತ್ತೆ ೩೦೪.

ರಾತ್ರಿ ಮಲಗುವಾಗಲೂ ಡೇಟಾ ಒಂಬೈನೂರು ಎಂಬಿ ಮೇಲೆ ಉಳಿದಿದೆ. ಏನು ಮಾಡುವುದು ತಿಳಿಯದೆ ಪ್ರಾಜಕ್ತಾಗೆ ಹಾಟ್‌ಸ್ಪಾಟ್ ಕೊಟ್ಟೆ. ಅವಳು ಮದುವೆ ಮೆಹಂದಿಯ ವಿಡಿಯೋ ಹನ್ನೆರಡು ನೋಡಿ "ದೇವ್ರು ನಿನ್ನ ಸರ್‌ಗೆ ನೂರ್ ವರ್ಷ ಕೊಡ್ಲಿ" ಅಂದಳು.

ಜುಲೈ ೨೯, ಮಂಗಳವಾರ

ಪಂಚಮಿ. ಊರಿಗೆ ಹೋಗಲಿಲ್ಲ, ಇಂಟರ್ನಲ್ಸ್ ತಯಾರಿ ಅಂತ ಹೇಳಿದೆ. ನಿಜವೆಂದರೆ ನಾನಿದ್ದರೆ ಅವ್ವ ನನಗೆ ಮಾಡಿ ಹಾಕುತ್ತಾ ಕೂರುತ್ತಾಳೆ, ಕುರಿ ಅಪ್ಪನೊಬ್ಬನ ಮೇಲೆ ಬೀಳುತ್ತವೆ. ಅವ್ವ ಯಡೂರಿನ ಬಸ್ಸಿನಲ್ಲಿ ಕಂಡಕ್ಟರ್ ಕೈಯಲ್ಲಿ ಉಂಡಿ ಡಬ್ಬಿ ಕಳಿಸಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ತಂಬಿಟ್ಟು. ಹಾಸ್ಟೆಲ್ ಅಡಿಗೆಮನೆಯ ಮಲಕವ್ವನಿಗೆ ಎರಡು ಕೊಡಲು ಹೋದರೆ ಅವಳು ನನಗೆ ಅಂತ ಒಂದು ಬಟ್ಟಲು ಜೋಳದ ಅಳ್ಳು ತೆಗೆದಿಟ್ಟಿದ್ದಳು. "ಊರಿಗೆ ಹೋಗದ ಹುಡಿಗ್ಯಾರಿಗೆ ನಾನ ತವರ ಮನಿ" ಅಂದಳು. ಹಾಸ್ಟೆಲ್ ಅಂಗಳದ ಮರಕ್ಕೆ ಹಗ್ಗ ಕಟ್ಟಿ ಜೋಕಾಲಿ. ನಾನೂ ಆಡಿದೆ.

ಅಪ್ಪನಿಗೆ ಬೆಳಿಗ್ಗೆ ಒಂದು ರಿಂಗ್, ಸಂಜೆ ಒಂದು ರಿಂಗ್. ಎರಡೂ ಸಲ ಕಟ್ ಆಯಿತು. ಕಟ್ ಆದ ಸದ್ದು ಇಷ್ಟು ಚೆಂದ ಇರುತ್ತದೆ ಅಂತ ಗೊತ್ತಿರಲಿಲ್ಲ.

ಆಗಸ್ಟ್ ೧೮, ಸೋಮವಾರ

ಮೂರು ದಿನದಿಂದ ಮೇಲಿನ ಘಟ್ಟದಲ್ಲಿ ಮಳೆ ಹಿಡಿದಿದೆಯಂತೆ. ವರದಿಯಲ್ಲಿ ನೀರು ಸ್ವಲ್ಪ ಸ್ವಲ್ಪ ಏರುತ್ತಿದೆ. ನಾಳೆ ಇಂಟರ್ನಲ್ಸ್, ಹನ್ನೊಂದರಿಂದ ಹನ್ನೆರಡೂವರೆ. ಆ ಹೊತ್ತಿನಲ್ಲಿ ಯಾರು ನೋಡುವವರು? ಇವತ್ತು ಕೂತು ಒಂದು ಚಿಕ್ಕ ಸ್ಕ್ರಿಪ್ಟ್ ಬರೆದೆ. ಹದಿನೈದು ನಿಮಿಷಕ್ಕೊಮ್ಮೆ ತಾನೇ ಹೋಗಿ ಗುರುತು ತೋರಿಸಿ ಕೇಳುತ್ತದೆ. ೩೦೪ ಬಂದರೆ "ಬದಲಾಗಿಲ್ಲ" ಅಂತ ಒಂದು ಸಾಲು. ಹೊಸ ಫೈಲ್ ಪೂರ್ತಿ ಇಳಿದರೆ "ಹೊಸದು ಬಂತು" ಅಂತ ಸಾಲು. ಯಾರನ್ನೂ ಕೇಳದೆ ನಾನೇ ಬರೆದದ್ದು. ನಡೆಯುತ್ತಿದೆ! ನಾಲ್ಕು ಸಲ ನೋಡಿದೆ.

ಸಂಜೆ ಅಪ್ಪ ಕಟ್ ಮಾಡಲಿಲ್ಲ, ಎತ್ತಿದ.

"ಹೆದರಬ್ಯಾಡ, ಸುಮ್ಕ ಹೇಳಾಕ ಎತ್ತಿದೆ. ಹೊಳಿ ದಂಡಿಗೆ ಗೂಟಾ ಹೊಡದೇನಿ. ನಿಮ್ಮವ್ವ ಅದರ ಮ್ಯಾಲ ನಿನ್ನ ಸಾಲಿ ರಿಬ್ಬನ್ ಕಟ್ಯಾಳ, ಕೆಂಪಂದು. ದೂರಿಂದ ಕಾಣ್ತೈತಿ. ನಾವೇನ ಹೊಳಿ ಅಳೀತೇವೇನು? ರಿಬ್ಬನ್ ಕಂಡ್ರ ಇದೀವಿ, ಮುಳಗಿದ್ರ ಹೊಂಟ್ವಿ."

"ಮತ್ತ ನನ್ನ ರಿಂಗ್ ಯಾತಕ್ಕ?"

"ಗೂಟಾ ಇಲ್ಲೀದು ಹೇಳತೈತಿ. ನೀ ನಾಳೀದು ಹೇಳತಿ. ಸುಂದ್ರವ್ವಗೂ ನಾ ಅದನ್ನ ಹೇಳೇನಿ, ಉಜ್ಜೀ ಒಂದ ರಿಂಗ್ ಕೊಟ್ಟಳಂದ್ರ ನಿಶ್ಚಿಂತಿ ಇರು ಅಂತ."

ಸುಂದ್ರವ್ವ ನಮ್ಮ ಪಕ್ಕದ ಹೊಲದವಳು. ಒಬ್ಬಳೇ. ಎರಡು ಎಮ್ಮೆ, ಒಂದು ಗಬ್ಬ. ಹೋದ ವರ್ಷ ನನ್ನ ಮಾತು ಕೇಳಿ ಅವಳೂ ಮಡ್ಡಿ ಹತ್ತಿದ್ದಳು.

ಅಪ್ಪನಿಗೆ ನನ್ನ ಮೇಲೆ ಇಷ್ಟು ನಂಬಿಕೆ ಇರಬಾರದಿತ್ತು ಅನಿಸುತ್ತದೆ. ಆದರೂ ಖುಷಿಯಾಯಿತು.

ಆಗಸ್ಟ್ ೧೯, ಮಂಗಳವಾರ

ಎಲ್ಲರೂ ಮಡ್ಡಿ ಮೇಲೆ ಇದ್ದಾರೆ. ಅರವತ್ತೆರಡು. ಹನ್ನೊಂದು. ಎರಡು ಎಮ್ಮೆ. ಅಪ್ಪ ಅವ್ವ ಸುಂದ್ರವ್ವ.

ಬರೆಯಲು ಆಗುತ್ತಿಲ್ಲ.

ಆಗಸ್ಟ್ ೨೦, ಬುಧವಾರ

ಈಗ ಬರೆಯುತ್ತೇನೆ. ಆದದ್ದು ಆದ ಹಾಗೇ.

ಹನ್ನೆರಡೂವರೆಗೆ ಪರೀಕ್ಷೆ ಮುಗಿಸಿ ಹಾಲಿನ ಹೊರಗೆ ಇಟ್ಟಿದ್ದ ಬ್ಯಾಗಿನಿಂದ ಫೋನ್ ತೆಗೆದೆ. ಪರದೆಯ ಮೇಲೆ ಸಾಲುಸಾಲಾಗಿ ಬದಲಾಗಿಲ್ಲ, ಬದಲಾಗಿಲ್ಲ, ಬದಲಾಗಿಲ್ಲ. ಅಪ್ಪನಿಗೆ ಒಂದು ರಿಂಗ್ ಕೊಟ್ಟೆ. ಪ್ರಾಜಕ್ತಾ ಜೊತೆ ಊಟಕ್ಕೆ ಹೋಗಿ ಎರಡು ರೊಟ್ಟಿ ಹೆಚ್ಚಿಗೆ ತಿಂದೆ. ಇದನ್ನು ಯಾಕೆ ಬರೆಯುತ್ತಿದ್ದೇನೆ ಅಂದರೆ ನನಗೆ ಮರೆಯಲು ಆಗುತ್ತಿಲ್ಲ, ಆ ಎರಡು ರೊಟ್ಟಿ.

ಎರಡು ಗಂಟೆ ನಲವತ್ತು ನಿಮಿಷಕ್ಕೆ ಮನೆಯಿಂದ ಫೋನ್. ಒಂದು ರಿಂಗಿಗೆ ನಿಲ್ಲಲಿಲ್ಲ. ನಿಲ್ಲಲೇ ಇಲ್ಲ.

ಅವ್ವ. "ಉಜ್ಜವ್ವಾ, ನೀ ಒಂದ ರಿಂಗ್ ಕೊಟ್ಟಿದ್ದಿ ಹೌದಿಲ್ಲ?"

"ಹೂಂ ಬೇ. ಬದಲಾಗಿಲ್ಲ."

"ಮತ್ತ ರಿಬ್ಬನ್ ಕಾಣವಲ್ದು?"

ವರದಿ ತೆರೆದೆ. ತೆರೆಯಲಿಲ್ಲ. ಫೈಲ್ ಕೆಟ್ಟಿದೆ ಅಂತ ಬಂತು. ನೋಡಿದರೆ ಹದಿನಾಲ್ಕು ಎಂಬಿ ಇರಬೇಕಾದದ್ದು ಐದು ಎಂಬಿ ಇದೆ. ಲ್ಯಾಬಿಗೆ ಓಡಿದೆ. ಕಾಕಾಸಾಹೇಬ ಸರ್ ಡಬ್ಬಿ ಬಿಚ್ಚಿ ಊಟಕ್ಕೆ ಕೂತಿದ್ದರು. ಏನು ಹೇಳಿದೆನೋ ಗೊತ್ತಿಲ್ಲ, ಅವರು ಎಡಗೈಯಲ್ಲೇ ಫೋನ್ ಇಸಿದುಕೊಂಡು ನೋಡಿದರು. ಒಂದು ನಿಮಿಷದಲ್ಲಿ ತಿಳಿಯಿತು ಅವರಿಗೆ. ಹನ್ನೊಂದು ದಾಟಿದ ಮೇಲೆ ಹೊಸ ವರದಿ ಬಂದಿದೆ. ನನ್ನ ಸ್ಕ್ರಿಪ್ಟ್ ಹೋಗಿ ಇಳಿಸಲು ಶುರುಮಾಡಿದೆ. ಸರ್ವರ್ ಮೊದಲು ಗುರುತು ಕೊಡುತ್ತದೆ, ಆಮೇಲೆ ಫೈಲ್. ಗುರುತು ಬಂದು gurutu.txt ಸೇರಿದೆ. ಫೈಲ್ ಅರ್ಧಕ್ಕೆ ಬರುವಾಗ ಪರೀಕ್ಷಾ ಹಾಲಿನ ಹೊರಗಿನ ತಗಡಿನ ಕೆಳಗೆ ನೆಟ್‌ವರ್ಕ್ ಹೋಗಿದೆ. ಪೂರ್ತಿ ಇಳಿಯಲಿಲ್ಲವಾದ್ದರಿಂದ "ಹೊಸದು ಬಂತು" ಸಾಲು ಬರಲಿಲ್ಲ. ಹದಿನೈದು ನಿಮಿಷ ಬಿಟ್ಟು ಸ್ಕ್ರಿಪ್ಟ್ ಮತ್ತೆ ಹೋಗಿ ಹೊಸ ಗುರುತನ್ನೇ ತೋರಿಸಿದೆ. ಸರ್ವರ್ ತಪ್ಪು ಹೇಳಲಿಲ್ಲ. ನಿನ್ನ ಹತ್ರ ಹೊಸಾದ್ದ ಐತೆಲ್ಲ, ಬದಲಾಗಿಲ್ಲ, ಅಂದಿದೆ. ಮತ್ತೆ ಮತ್ತೆ ಅದನ್ನೇ ಅಂದಿದೆ. ನನ್ನ ಹತ್ತಿರ ಇದ್ದದ್ದು ಅರ್ಧ ಅಂತ ಅದಕ್ಕೆ ಹೇಗೆ ಗೊತ್ತಾಗಬೇಕು.

ಸರ್ ಗುರುತು ಅಳಿಸಿ ಲ್ಯಾಬಿನ ನೆಟ್‌ನಲ್ಲಿ ಪೂರ್ತಿ ಇಳಿಸಿದರು. ಓದಿದರು. ಬೆಳಗಿನದಕ್ಕಿಂತ ಒಂದೂವರೆ ಪಟ್ಟು ನೀರು ಬಿಟ್ಟಿದ್ದಾರೆ. ಸಂಜೆಯವರೆಗೆ ಏರುತ್ತದೆ. ನಾನು ಅಳಲು ಶುರುಮಾಡಿದೆ.

"ರಡೂ ನಕೋ" ಅಂದರು. "ಅಳೂದು ಆಮ್ಯಾಲ. ಮೊದಲ ಫೋನ್ ಹಚ್ಚು."

ಅಪ್ಪ ಎತ್ತಿದ. ಗಾಳಿಯ ಸದ್ದು, ಕುರಿಗಳ ಸದ್ದು.

"ಯಪ್ಪಾ, ನನ್ನ ರಿಂಗ್ ಸುಳ್ಳು. ಇನ್ನೂ ಬಾಳ ಏರತೈತಿ. ಹೊಂಡ್ರಿ."

ಹೋದ ವರ್ಷವೂ ಇದೇ ಮಾತು ಹೇಳಿದ್ದೆ.

"ಹೊಂಟೇವಿ ತಂಗಿ. ನಿಮ್ಮವ್ವ ಆಗಲೇ ಮರಿ ಬುಟ್ಯಾಗ ಹಾಕ್ಯಾಳ. ಸುಂದ್ರವ್ವ ಮಾತ್ರ ಒಲ್ಲೆ ಅಂತಾಳ. ನಮ್ಮ ಮಾತ ಕೇಳವಲ್ಲಳು. ನೀ ಹೇಳು."

ಸುಂದ್ರವ್ವನಿಗೆ ಹಚ್ಚಿದೆ. ಅವಳು ಮೊದಲೇ ಕಾದು ಕೂತವಳ ಹಾಗೆ ಶುರುಮಾಡಿದಳು.

"ಏನವಾ ಶಾಣ್ಯಾಕಿ? ಒಂದ ರಿಂಗ್ ಕೊಟ್ಟಿ, ನೀರ ಹಂಗ ಐತಿ ಅಂದ ನಿಮ್ಮಪ್ಪ. ಈಗ ಏರತೈತಿ ಅಂತಿ. ಹೋದ ವರ್ಷ ಡ್ಯಾಮ್ ಒಡಸಿದ್ದಿ. ಯಾವ್ದ ನಂಬಲಿ? ತುಂಬಿದ ಎಮ್ಮಿ ಮಳ್ಯಾಗ ಮಡ್ಡಿ ಹತ್ತಸಲೇನು?"

ಅವಳು ಹೇಳಿದ್ದರಲ್ಲಿ ಒಂದೂ ಸುಳ್ಳಿರಲಿಲ್ಲ. ನಾನು ದೊಡ್ಡದಾಗಿ ಏನಾದರೂ ಹೇಳಿ ಹೆದರಿಸಬಹುದಿತ್ತು. ಹೆದರಿಸುವುದು ಬರುತ್ತದೆ ನನಗೆ. ಬಾಯಿಗೆ ಬಂದದ್ದೇ ಬೇರೆ.

"ಅತ್ತಿ, ನಾ ತಪ್ಪ ಮಾಡೇನಿ. ಅರ್ಧಾ ನೋಡಿ ಪೂರ್ತಿ ಹೇಳಿದೆ. ನನ್ನ ನಂಬಬ್ಯಾಡ. ಹೊರಗ ಬಾ, ಹೊಳಿ ಕಡೆ ನೋಡು. ನಮ್ಮ ಕೆಂಪ ರಿಬ್ಬನ್ ಕಾಣಸ್ತೈತೇನು? ಕಂಡ್ರ ಒಳಗ ಹೋಗಿ ಬಾಗಲಾ ಹಾಕ್ಕೋ, ನನ್ನ ಎಷ್ಟಾರ ಬೈ. ಕಾಣಲಿಲ್ಲಂದ್ರ ಎಮ್ಮಿ ಬಿಚ್ಚು."

ಫೋನ್ ಕಟ್ ಮಾಡದೆ ಹೊರಗೆ ಬಂದಳು. ಕೆಸರಿನಲ್ಲಿ ಕಾಲಿಡುವ ಸದ್ದು ಕೇಳುತ್ತಿತ್ತು. ಸರ್ ಕೈ ತೊಳೆಯದೆ ನಿಂತಿದ್ದರು. ಎಷ್ಟು ಹೊತ್ತೋ.

"ಯಪ್ಪಾ ವೀರಭದ್ರಾ" ಅಂದಳು ಸುಂದ್ರವ್ವ. ಆಮೇಲೆ ನನಗಲ್ಲ, ಎಮ್ಮೆಗೆ: "ಏಳ ನಮ್ಮವ್ವಾ, ಏಳು."

ಏಳು ಗಂಟೆಗೆ ನಮ್ಮ ದೊಡ್ಡಿಯಲ್ಲಿ ಮೊಣಕಾಲುಮಟ್ಟ ನೀರು. ಮೇವಿನ ಕಣಿಕಿ ಬಣವೆ ಹೋಯಿತು. ಮತ್ತೇನೂ ಹೋಗಲಿಲ್ಲ.

ಸರ್ ಡಬ್ಬಿಯ ಪಲ್ಯ ಹಾಗೇ ಆರಿತ್ತು. ಅವರಿಗೆ ಥ್ಯಾಂಕ್ಸ್ ಕೂಡ ಹೇಳಲಿಲ್ಲ ನಾನು. ಇಲ್ಲಿ ಬರೆಯುತ್ತೇನೆ.

ಆಗಸ್ಟ್ ೨೧, ಗುರುವಾರ

ಬೆಳಿಗ್ಗೆ ಸರ್ ಹತ್ತಿರ ಹೋಗಿ ಸ್ಕ್ರಿಪ್ಟ್ ತೆಗೆದುಬಿಡುತ್ತೇನೆ ಅಂದೆ.

"ಯಾಕ?"

"ನನ್ನಿಂದ ಆಗೂದಿಲ್ರಿ ಸರ್. ಮೊದಲಿನಂಗ ಪ್ರತಿ ಸಲ ಪೂರ್ತಿ ಇಳಿಸ್ತೇನ್ರಿ."

"ಹೌದಾ? ಎರಡೂವರೆಗೆ ಡೇಟಾ ಖಾಲಿ ಆಗಿ ಕಣ್ಣ ಮುಚಗೊಂಡ ಕುಂದರತಿದ್ದೆಲ್ಲ, ನಿನ್ನೆ ಮೊನ್ನೆ ಅದು ಚಲೋ ಆಗತಿತ್ತೇನು? ಮೂರು ಸಾಲಿನ ದುರಸ್ತಿ ಐತಿ. ನಾ ಮಾಡಲೋ, ನೀ ಮಾಡ್ತಿಯೋ?"

ನಾನೇ ಮಾಡಿದೆ. ಈಗ ಹೊಸ ಫೈಲ್ ಬೇರೆ ಹೆಸರಿಗೆ ಇಳಿಯುತ್ತದೆ, ಹೊಸ ಗುರುತೂ ಬೇರೆ ಹೆಸರಿಗೆ. ಪೂರ್ತಿ ಇಳಿದರೆ ಮಾತ್ರ ಎರಡನ್ನೂ ಹಳೆಯದರ ಜಾಗಕ್ಕೆ ಸರಿಸುವುದು. ನಡುವೆ ನಿಂತರೆ ಎರಡನ್ನೂ ಬಿಸಾಡಿ, ಹಳೇ ಫೈಲ್, ಹಳೇ ಗುರುತು ಇದ್ದ ಹಾಗೇ ಇಟ್ಟುಕೊಳ್ಳುವುದು. ಮತ್ತೆ ಹೋಗಿ ಕೇಳುವುದು. ಜೊತೆಗೆ "ಇಳಿಯಲಿಲ್ಲ" ಅಂತ ಮೂರನೇ ಒಂದು ಸಾಲು ಸೇರಿಸಿದೆ. ಸರಿಯಾಗಿದೆಯೋ ನೋಡಲು ಇಳಿಯುವಾಗ ಬೇಕಂತಲೇ ನೆಟ್ ಆಫ್ ಮಾಡಿದೆ. ಆರು ಸಲ ಆಫ್ ಮಾಡಿದೆ. ಆರೂ ಸಲ ಹಳೆಯದು ಗಟ್ಟಿಯಾಗಿ ಕೂತಿತ್ತು.

"ಈ ತಪ್ಪು ನಾನೂ ಮಾಡೇನಿ" ಅಂದರು ಸರ್, ಮಾನಿಟರ್ ಒರೆಸುತ್ತಾ. "ನಂದು ಪಗಾರದ ಪಟ್ಟಿ ಇತ್ತು. ನಿನ್ನಷ್ಟ ಲಗೂ ಒಪ್ಪಲಿಲ್ಲ."

ಆಗಸ್ಟ್ ೨೪, ಭಾನುವಾರ

ನೀರು ಇಳಿಯುತ್ತಿದೆ. ಅಪ್ಪನ ಜೊತೆ ಉದ್ದ ಮಾತಾಡಿದೆ. ಗುರುತು, ಅರ್ಧ ಫೈಲ್, ಎಲ್ಲ ಬಿಡಿಸಿ ಹೇಳಿದೆ. ಹೋದ ವರ್ಷದ ನಾಲ್ಕು ಮರಿಯ ಮಾತನ್ನೂ ತೆಗೆದೆ, ಮೊದಲ ಸಲ. ಅಪ್ಪ ನಡುವೆಯೇ ತಡೆದ.

"ಆ ಮರಿ ಥಂಡಿಗೆ ಸತ್ವು. ನಿನ್ನಿಂದಲ್ಲ. ನಾ ಮ್ಯಾಲ ಹೊದಸೂ ತಾಡಪತ್ರಿ ದೊಡ್ಡ್ಯಾಗ ಮರತ ಹೋಗಿದ್ದೆ. ನಿನಗ ಹೇಳಿರಲಿಲ್ಲೇನು?"

ಹೇಳಿರಲಿಲ್ಲ. ಒಂದು ವರ್ಷ ಅವನು ತನ್ನ ತಪ್ಪು ಅಂತ ಸುಮ್ಮನಿದ್ದ, ನಾನು ನನ್ನ ತಪ್ಪು ಅಂತ ಸುಮ್ಮನಿದ್ದೆ.

ಆಮೇಲೆ ಅಂದ, "ನಿನ್ನ ಫೋನಿನ ತಪ್ಪ ನನಗ ತಿಳೀತು ನೋಡು. ಕುರಿ ಹಾದ್ಯಾಗ ಇದ್ದಾಗನ ಎಣಿಸಿ, ಎಲ್ಲಾ ಬಂದ್ವು ಅಂದಂಗ ಆಗೇತಿ. ಹಾದ್ಯಾಗ ಎಣಿಸಬಾರದವಾ. ದೊಡ್ಡಿ ಬಾಗಲದಾಗ ನಿಂತು, ಒಳಗ ಹೊಕ್ಕಿದ್ದನ್ನ ಅಷ್ಟ ಎಣಿಸಬೇಕು."

ಮೂರು ಸಾಲಿನ ದುರಸ್ತಿ. ಅಪ್ಪ ಒಂದೇ ಸಾಲಿನಲ್ಲಿ ಹೇಳಿದ.

ಆಗಸ್ಟ್ ೩೧, ಭಾನುವಾರ

ಊರಿಗೆ ಬಂದೆ. ಹಾದಿಯೆಲ್ಲ ಕೆಸರು, ದೊಡ್ಡಿಯ ಗೋಡೆಗೆ ನೀರು ನಿಂತ ಗೆರೆ. ಅವ್ವ ಆಗಲೇ ಸಾರಿಸಿದ್ದಾಳೆ. ಸುಂದ್ರವ್ವನ ಎಮ್ಮೆ ಈದಿದೆ, ಮಡ್ಡಿಯ ಮೇಲೇ ಈದಿತಂತೆ, ಹೆಣ್ಣು ಕರು. ನನಗೆ ಅಂತ ಗಿಣ್ಣ ಮಾಡಿ ತಂದಳು. "ಬಾ ನಮ್ಮ ಶಾಣ್ಯಾಕಿ" ಅಂದಳು. ಫೋನಿನಲ್ಲಿ ಅಂದ ಅದೇ ಮಾತು. ಇವತ್ತು ಕೇಳಲು ಬೇರೆ ಇತ್ತು.

"ನೀ ಏರತೈತಿ ಏರತೈತಿ ಅಂತ ಚೀರಿದ್ದಿದ್ರ ನಾ ಬರತಿರಲಿಲ್ಲ ನೋಡು" ಅಂದಳು. "ನನ್ನ ನಂಬಬ್ಯಾಡ ಅಂದಿ. ಆಗ ಹೊರಗ ಬಂದೆ."

ಸಂಜೆ ಅಪ್ಪನ ಜೊತೆ ಹೊಳೆದಂಡೆಗೆ ಹೋದೆ. ಹಳೆಯ ಗೂಟ ಅಲ್ಲೇ ಇತ್ತು, ಅಲುಗಿರಲಿಲ್ಲ. ರಿಬ್ಬನ್ ಮಾತ್ರ ಹೋಗಿತ್ತು. ನನ್ನ ಕಾಲೇಜು ಬ್ಯಾಗಿನ ಕೆಂಪು ದಾರ ಬಿಚ್ಚಿ ಕಟ್ಟಿದೆ. ಅಪ್ಪ ಎಳೆದು ನೋಡಿ, ಬಿಚ್ಚಿ, ತಾನು ಮತ್ತೆ ಕಟ್ಟಿದ.

"ಇನ್ನೂ ಮಳಿಗಾಲ ಐತಿ. ರಿಂಗ್ ಕೊಡೂದ ಬಿಡಬ್ಯಾಡ" ಅಂದ. "ನೀ ಕೇಳು, ನಾ ನೋಡತೇನಿ."

ಕುರಿ ಬರುವ ಹೊತ್ತು. ಬಾಗಿಲಲ್ಲಿ ನನ್ನನ್ನೇ ನಿಲ್ಲಿಸಿದ. ಎಪ್ಪತ್ಮೂರು. ಒಂದು ಸಲ ಎಣಿಸಿದೆ.

ಸೆಪ್ಟೆಂಬರ್ ೯, ಮಂಗಳವಾರ

ನಾಲ್ಕು ಸಾಲು ಬರೆದು ಮಲಗುತ್ತೇನೆ. ರಾಯಬಾಗದ ಕಡೆಯ ಇಬ್ಬರು ಹುಡುಗಿಯರು ದಿನಾ ಅದೇ ನೋಟ್ಸ್ ಮತ್ತೆ ಮತ್ತೆ ಇಳಿಸಿ ಡೇಟಾ ಕಳೆದುಕೊಳ್ಳುತ್ತಿದ್ದರು. ಕಾಕಾಸಾಹೇಬ ಸರ್ "ಉಜ್ವಲಾನ ಕೇಳ್ರಿ" ಅಂತ ಕಳಿಸಿದ್ದರು. ಗುರುತಿನ ಕಥೆ ಹೇಳುತ್ತಾ, ಅರ್ಧ ಫೈಲಿನದ್ದು ಎರಡು ಸಲ ಹೇಳಿ, ಹೊತ್ತು ಹೋದದ್ದೇ ತಿಳಿಯಲಿಲ್ಲ. ಮಲಕವ್ವನ ಉಪ್ಪಿಟ್ಟು ಮುಂದೆ ಬಂದ ಮೇಲೆ ನೆನಪಾಯಿತು, ಅಪ್ಪನಿಗೆ ಸಂಜೆಯ ರಿಂಗ್ ಕೊಟ್ಟೇ ಇಲ್ಲ.

ಫೋನ್ ಎತ್ತುವಷ್ಟರಲ್ಲಿ ಅದೇ ಸದ್ದು ಮಾಡಿತು. ಒಂದು ರಿಂಗ್. ನಿಂತಿತು.

"ಯಾರಬೇ?" ಅಂದಳು ಪ್ರಾಜಕ್ತಾ.

"ನಮ್ಮಪ್ಪ."

"ತಿರುಗಿ ಹಚ್ಚವಲ್ಲೀ?"

"ಬ್ಯಾಡ" ಅಂದೆ. ಉಪ್ಪಿಟ್ಟು ಬಿಸಿ ಇತ್ತು.